ವೋಟು ಹಾಕಲು ಹೋಗುವಾಗ ಮಕ್ಕಳೂ ಜೊತೆಗಿರಲಿ

ಸಂಪಾದಕರಿಗೆ ನಮಸ್ಕಾರ,

ಮತದಾನದ ದಿನ ಎಂದರೆ ನಮ್ಮ ಮಕ್ಕಳಿಗೆ ಶಾಲೆಗೆ ರಜೆ, ಅಷ್ಟೇ. ಅಪ್ಪ ಅಮ್ಮ ಹೋಗಿ ವೋಟು ಹಾಕಿ ಬಂದು ಬೆರಳಿನ ಫೋಟೊ ಸ್ಟೇಟಸ್‌ಗೆ ಹಾಕುತ್ತಾರೆ, ಮಕ್ಕಳು ಮನೆಯಲ್ಲಿ ಟಿವಿ ಮುಂದೆ ಕೂತಿರುತ್ತಾರೆ. ಅವರನ್ನೂ ಕರೆದುಕೊಂಡು ಹೋಗಿ ಎಂದು ಕೇಳಿಕೊಳ್ಳಲು ಈ ಪತ್ರ.

2024ರ ಏಪ್ರಿಲ್ 26ರಂದು ಲೋಕಸಭೆ ಚುನಾವಣೆಗೆ ಮಗಳ ಜೊತೆ ನಮ್ಮ ಬಡಾವಣೆಯ ಶಾಲೆಗೆ ಹೋಗಿದ್ದೆ. ಸಾಲಿನಲ್ಲಿ ನಮ್ಮ ಮುಂದೆ ಹೂ ಮಾರುವ ಅಜ್ಜಿ, ಅವರ ಹಿಂದೆಯೇ ನಾವು ತೋರಿಸಿಕೊಳ್ಳುವ ಡಾಕ್ಟರು. ‘ಡಾಕ್ಟರೂ ಕ್ಯೂ ನಿಲ್ಲಬೇಕಾ?’ ಎಂದಳು. ಹೌದು, ಅಜ್ಜಿಗೂ ಒಂದೇ ವೋಟು, ಅವರಿಗೂ ಒಂದೇ ವೋಟು ಎಂದೆ. ಸುಮಾರು ಹೊತ್ತು ಇಬ್ಬರನ್ನೂ ನೋಡುತ್ತಾ ನಿಂತಿದ್ದಳು.

ಬರುವಾಗ ದಾರಿಯುದ್ದಕ್ಕೂ ‘ಯಾರಿಗೆ ಹಾಕಿದೆ?’ ಎಂದು ಒಂದೇ ಸಮ ಕಾಡಿದಳು. ಹೇಳಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ ಎಂದೆ. ಅವಳಿಗೆ ನಂಬಲಿಕ್ಕೇ ಆಗಲಿಲ್ಲ. ಮಕ್ಕಳು ಕಲಿಯಬೇಕಾದ್ದರಲ್ಲಿ ಇದೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಈಗಲೂ ಎಷ್ಟೋ ಮನೆಗಳಲ್ಲಿ ಯಜಮಾನರು ಹೇಳಿದ ಗುರುತಿಗೇ ಎಲ್ಲರೂ ಒತ್ತಬೇಕು. ಅಮ್ಮನ ವೋಟು ಅಮ್ಮನದೇ ಎಂದು ಹೆಣ್ಣುಮಕ್ಕಳು ನೋಡಬೇಕು, ಗಂಡುಮಕ್ಕಳು ಇನ್ನೂ ಜಾಸ್ತಿ ನೋಡಬೇಕು.

ಬೆರಳಿನ ಶಾಯಿಯ ಬಗ್ಗೆಯೂ ಕೇಳುತ್ತಾರೆ, ಹೇಳಿ. ಅದು ನಮ್ಮ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಮೈಸೂರು ಪೇಂಟ್ಸ್ ಕಾರ್ಖಾನೆಯಿಂದ 1962ರ ಚುನಾವಣೆಯ ಕಾಲದಿಂದಲೂ ದೇಶಕ್ಕೆಲ್ಲಾ ಹೋಗುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುವುದರಿಂದ ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಒಬ್ಬರೇ ಎರಡು ಸಲ ಹಾಕಬಾರದು ಎಂದು ಹೀಗೆ ಎಂದರೆ ಎಂಟು ವರ್ಷದ ಮಗುವಿಗೂ ಥಟ್ಟನೆ ಅರ್ಥವಾಗುತ್ತದೆ.

ಆದರೆ ಹಿಂದಿನ ರಾತ್ರಿ ಬಾಗಿಲಿಗೆ ಬರುವ ಹಣದ ಕವರ್ ಕೂಡ ಮಕ್ಕಳ ಕಣ್ಣಿಗೆ ಬೀಳುತ್ತದೆ, ಅಲ್ವಾ? ಅದನ್ನು ಇಸ್ಕೊಂಡು ಬೆಳಿಗ್ಗೆ ಮಗುವಿನ ಕೈ ಹಿಡಿದು ಬೂತಿಗೆ ಹೋದರೆ ನಾವು ಕಲಿಸುವುದು ವ್ಯಾಪಾರವನ್ನು. ಬಾಗಿಲಲ್ಲೇ ಬೇಡ ಎಂದು ಕಳಿಸಿ, ಮಗುವಿನ ಎದುರೇ ಕಳಿಸಿ.

ಅಧಿಕಾರಿಗಳಲ್ಲೂ ಒಂದು ವಿನಂತಿ ಇದೆ. ಚುನಾವಣೆ ನಡೆಸುವ 1961ರ ನಿಯಮಗಳ ಪ್ರಕಾರ ಮತದಾರರ ಜೊತೆ ಮತಗಟ್ಟೆಯೊಳಗೆ ಬಿಡುವುದು ಕಂಕುಳಲ್ಲಿರುವ ಕೂಸನ್ನು ಮಾತ್ರ. ನಡೆದಾಡುವ ಮಕ್ಕಳ ವಿಷಯ ಅಲ್ಲಿರುವವರ ಮನಸ್ಸಿಗೆ ಬಿಟ್ಟಂತೆ ನಡೆಯುತ್ತದೆ. ನನ್ನ ಮಗಳನ್ನು ಬಾಗಿಲ ಹತ್ತಿರ ನಿಲ್ಲಲು ಬಿಟ್ಟರು, ಉದ್ದನೆಯ ಬೀಪ್ ಶಬ್ದ ಅವಳಿಗೂ ಕೇಳಿಸಿತು. ಪಕ್ಕದ ಮನೆಯ ಹುಡುಗನನ್ನು ಅವರ ಬೂತಿನಲ್ಲಿ ಗೇಟಿನಿಂದಲೇ ವಾಪಸ್ ಕಳಿಸಿದರು. ಮತಯಂತ್ರ ಇಟ್ಟಿರುವ ಮರೆಯ ಹತ್ತಿರಕ್ಕೆ ಮಕ್ಕಳನ್ನು ಬಿಡಿ ಎಂದು ಯಾರೂ ಕೇಳುತ್ತಿಲ್ಲ, ಗುಟ್ಟು ಗುಟ್ಟಾಗಿಯೇ ಇರಬೇಕು. ಶಾಯಿ ಹಚ್ಚುವ ಮೇಜಿನವರೆಗೆ ಪ್ರೈಮರಿ ಶಾಲೆಯ ಮಕ್ಕಳು ಬರಬಹುದು ಎಂದು ಚುನಾವಣಾ ಆಯೋಗ ನಿಯಮದಲ್ಲೇ ಸೇರಿಸಲು ಕ್ರಮ ತೆಗೆದುಕೊಳ್ಳಲಿ. ಅಲ್ಲಿಯವರೆಗೆ ಬಾಗಿಲ ಹೊರಗೆ ನೆರಳಲ್ಲಿ ಒಂದು ಬೆಂಚು ಹಾಕಿಸಿದರೂ ಸಾಕು.

— ಒಬ್ಬ ತಾಯಿ, ಮೈಸೂರು