ಕತ್ತಲಾಗುವುದನ್ನು ನೋಡಲು ಬಿಡು

ಪ್ರೀತಿಯ ಗೆಳೆಯ,

ನಿನ್ನ ಪತ್ರ ಓದಿ ತುಂಬಾ ಖುಷಿಯಾಯಿತು. ಬೇಸಿಗೆಯ ಸಂಜೆಗಳಲ್ಲಿ ನಿಮ್ಮ ಉದ್ಯಾನದಲ್ಲಿ ಕಾರ್ಯಕ್ರಮ ನಡೆಸುವ ಹೊಣೆ ನಿನ್ನ ಹೆಗಲಿಗೆ ಬಿದ್ದಿದೆ ಅಂತ ಬರೆದಿದ್ದೀಯ. ಯಾರನ್ನು ಹಾಡಿಸಲಿ, ನಾಟಕ ಆಡಿಸಲಾ, ಸಿನಿಮಾ ತೋರಿಸಲಾ ಅಂತ ಕೇಳಿದ್ದೀಯ. ಅದನ್ನೆಲ್ಲ ಆಮೇಲೆ ನೋಡೋಣ. ಮೊದಲು ಒಂದು ಕೆಲಸ ಮಾಡು. ಸೂರ್ಯ ಮುಳುಗುವ ಹೊತ್ತಿಗೆ ಆ ಹುಲ್ಲಿನ ಮೇಲೆ ಹೋಗಿ ಸುಮ್ನೆ ಕೂತುಕೋ. ಪೂರ್ತಿ ಕತ್ತಲಾಗುವ ತನಕ ಏಳಬೇಡ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ಹೋದ ಬೇಸಿಗೆಯಲ್ಲಿ ಇಂಥದ್ದೇ ಒಂದು ಸಂಜೆಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಹಾಡುವವರು ಚೆನ್ನಾಗಿಯೇ ಹಾಡಿದರು. ಆದರೆ ಇನ್ನೂ ಬೆಳಕಿರುವಾಗಲೇ ವೇದಿಕೆಯ ಎರಡೂ ಬದಿಯ ದೊಡ್ಡ ದೀಪಗಳನ್ನು ಹೊತ್ತಿಸಿಬಿಟ್ಟರು. ಅಷ್ಟೇ, ಸುತ್ತಲಿನ ಮರಗಳು ಒಂದೇ ಏಟಿಗೆ ಕಪ್ಪು ಗೋಡೆಯಾದವು. ಆಕಾಶ ಕಾಣಲಿಲ್ಲ. ಸಂಜೆ ಅನ್ನೋದೇ ಇರಲಿಲ್ಲ. ಸ್ಪೀಕರಿನ ಅಬ್ಬರಕ್ಕೆ ಅಮ್ಮ ಕಿವಿ ಮುಚ್ಚಿಕೊಂಡು ಕೂತಿದ್ದಳು. ಉದ್ಯಾನಕ್ಕೆ ಬಂದು, ಉದ್ಯಾನವನ್ನು ನೋಡದೆ ಮನೆಗೆ ವಾಪಸ್ ಹೋದೆವು. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಅಮ್ಮನಿಗೆ ಮುಚ್ಚಿದ ಸಭಾಂಗಣದಲ್ಲಿ ಉಸಿರು ಕಟ್ಟಿದ ಹಾಗಾಗುತ್ತದೆ. ಸಾಲಿನ ಮಧ್ಯದಿಂದ ಎದ್ದು ಹೊರಗೆ ಬರಲು ಸಂಕೋಚ. ಅಂಥವರಿಗೆ, ಚಿಕ್ಕ ಮಕ್ಕಳಿರುವವರಿಗೆ, ಬಯಲಿನ ಕಾರ್ಯಕ್ರಮ ಒಂದು ವರ. ಬೇಕಾದಾಗ ಏಳಬಹುದು, ಒಂದು ಸುತ್ತು ಅಡ್ಡಾಡಿ ಬರಬಹುದು, ಮಗು ಅತ್ತರೆ ಮರದ ಹಿಂದೆ ಎತ್ತಿಕೊಂಡು ಹೋಗಬಹುದು. ಅದನ್ನೂ ಹಾಳು ಮಾಡಿದರೆ ಅವರು ಎಲ್ಲಿಗೆ ಹೋಗಬೇಕು ಹೇಳು?

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಮೊದಲ ಅರ್ಧ ಗಂಟೆ ದೀಪ ಹೊತ್ತಿಸಬೇಡ. ಆ ಹೊತ್ತಿನಲ್ಲಿ ಹೂವಿನ ಪಾತಿಯನ್ನು ಗಮನಿಸು. ಹಗಲಿನಲ್ಲಿ ಕಣ್ಣಿಗೆ ಹೊಡೆಯುವ ಕೆಂಪು ಹೂಗಳೇ ಮೊದಲು ಕಪ್ಪಾಗುತ್ತವೆ. ಪಕ್ಕದ ನೀಲಿ ಹೂಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಒಳಗಿನಿಂದ ಬೆಳಗಿದ ಹಾಗೆ ಕಾಣುತ್ತವೆ. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣು ಬಣ್ಣ ಗುರುತಿಸುವ ಕೋಶಗಳನ್ನು ಬಿಟ್ಟು, ಮಬ್ಬಿನಲ್ಲಿ ನೋಡುವ ಬೇರೆ ಕೋಶಗಳಿಗೆ ಕೆಲಸ ಒಪ್ಪಿಸುತ್ತದೆ. ಅವಕ್ಕೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಇದನ್ನು ಸುಮಾರು 200 ವರ್ಷಗಳ ಹಿಂದೆ ಗಮನಿಸಿದ್ದರು. ಅವರ ಹೆಸರೇ ಇದಕ್ಕೆ ನಿಂತಿದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಜೋರಾದ ದೀಪ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ.

ಬಿಳಿ ಹೂಗಳ ಸರದಿ ಆಮೇಲೆ ಬರುತ್ತದೆ. ರಾತ್ರಿರಾಣಿ ಘಮ ಬಿಡುವುದು ಕತ್ತಲಾದ ಮೇಲೆಯೇ. ರಾತ್ರಿ ಹಾರಾಡುವ ಪತಂಗಗಳಿಗೆ ದಾರಿ ತೋರಿಸುವುದು ಆ ಬಿಳುಪು, ಆ ಪರಿಮಳ. ಹಾಡಿನ ನಡುವೆ ಎಲ್ಲಿಂದಲೋ ಅದು ತೇಲಿ ಬಂದಾಗ ಜನ ತಿರುಗಿ ನೋಡುತ್ತಾರೆ. ಯಾವ ಸಭಾಂಗಣದಲ್ಲಿ ಸಿಗುತ್ತದೆ ಇದು?

ದೀಪಗಳನ್ನೇ ಕಾರ್ಯಕ್ರಮದ ಒಂದು ಭಾಗ ಮಾಡಿದವರೂ ಇದ್ದರು. ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನದ ಬಗ್ಗೆ ಓದಿದ್ದೀಯಾ? 18ನೇ ಶತಮಾನದಲ್ಲಿ ಬೇಸಿಗೆ ಸಂಜೆ ಅಂದರೆ ಅಲ್ಲಿನ ಜನಕ್ಕೆ ಅದೇ. ಕತ್ತಲಾಗುವವರೆಗೂ ಎಲ್ಲರೂ ಮರಗಳ ಸಾಲಿನಲ್ಲಿ ಅಡ್ಡಾಡುತ್ತಿದ್ದರು. ಆಮೇಲೆ ಒಂದು ಸೀಟಿ. ಅಲ್ಲಲ್ಲಿ ನಿಂತಿದ್ದ ಆಳುಗಳು ಬತ್ತಿಗೆ ಬೆಂಕಿ ತಾಗಿಸುತ್ತಿದ್ದರು. ನೂರಾರು ಎಣ್ಣೆ ದೀಪಗಳು ಹೆಚ್ಚುಕಮ್ಮಿ ಒಟ್ಟಿಗೇ ಹೊತ್ತಿಕೊಳ್ಳುತ್ತಿದ್ದವು. ಕತ್ತಲನ್ನು ಕಾದವರಿಗೆ ಮಾತ್ರ ಆ ಬೆಳಕಿನ ರುಚಿ ಗೊತ್ತಾಗುತ್ತದೆ, ಅಲ್ವಾ? ಸಂಗೀತ ರಚನಕಾರ ಹ್ಯಾಂಡಲ್ 1749ರಲ್ಲಿ ಅಲ್ಲಿ ನಡೆಸಿದ ಒಂದು ತಾಲೀಮಿಗೇ 12,000 ಜನ ಬಂದಿದ್ದರು ಅಂತ ಆ ಕಾಲದ ವರದಿಗಳು ಹೇಳುತ್ತವೆ. ತಾಲೀಮಿಗೆ! ಆ ಉದ್ಯಾನ 1859ರಲ್ಲಿ ಮುಚ್ಚಿತು. ಆದರೆ ಕೋಪನ್‌ಹೇಗನ್‌ನಲ್ಲಿ 1843ರಲ್ಲಿ ಶುರುವಾದ ಟಿವೋಲಿ ಉದ್ಯಾನ ಇವತ್ತಿಗೂ ನಡೆಯುತ್ತಿದೆ. ಅಲ್ಲಿ 1874ರ ಒಂದು ಬಯಲು ರಂಗಮಂದಿರವಿದೆ. ಅದರ ಪರದೆ ನವಿಲಿನ ಬಾಲದ ಆಕಾರದ್ದು, ಗರಿಗಳನ್ನು ಮಡಚಿದ ಹಾಗೆ ತೆರೆದುಕೊಳ್ಳುತ್ತದೆ. ಜನ ಮುಂದೆ ಬಯಲಿನಲ್ಲಿ ನಿಂತು ಮೂಕಾಭಿನಯ ನೋಡುತ್ತಾರೆ.

ಇನ್ನು ಶಬ್ದದ ಮಾತು. ಇದರಲ್ಲಿ ನೀನು ಗಟ್ಟಿಯಾಗಿ ನಿಲ್ಲಬೇಕು. ಬಯಲಿನಲ್ಲಿ ಗೋಡೆ, ಚಾವಣಿ ಇಲ್ಲದ ಕಾರಣ ದನಿ ತಿರುಗಿ ಬರುವುದಿಲ್ಲ. ದೂರ ಎರಡು ಪಟ್ಟಾದಾಗೆಲ್ಲ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಿಂದೆ ಕೂತವರಿಗೆ ಕೇಳಿಸುವುದಿಲ್ಲ ಅಂತ ಮುಂದಿನ ಸ್ಪೀಕರನ್ನೇ ಜೋರು ಮಾಡುತ್ತಾರೆ. ಮುಂದಿನವರ ಕಿವಿ ಹೋಗುತ್ತದೆ. ಅದರ ಬದಲು ಚಿಕ್ಕ ಸ್ಪೀಕರುಗಳನ್ನು ಅಲ್ಲಲ್ಲಿ ಇಟ್ಟು, ಎಲ್ಲವನ್ನೂ ಮೆಲ್ಲಗೆ ಇಡಲು ಹೇಳು. ಒಂದೇ ಎಚ್ಚರಿಕೆ: ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 34 ಮೀಟರ್ ಹಿಂದಿರುವ ಸ್ಪೀಕರಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಡಿಲೇ ಕೊಡದಿದ್ದರೆ, ಅಂದರೆ ಅಷ್ಟು ತಡವಾಗಿ ನುಡಿಯುವಂತೆ ಮಾಡದಿದ್ದರೆ, ಹಾಡು ಎರಡೆರಡು ಸಲ ಕೇಳಿಸುತ್ತದೆ. ಸೌಂಡಿನವರಿಗೆ ಇದು ಗೊತ್ತಿರುತ್ತದೆ. ಆದರೂ ನೀನೇ ಹಿಂದಿನ ಸಾಲಿಗೆ ಹೋಗಿ ನಿಂತು ಕೇಳು.

ಇನ್ನೊಂದು ವಿಷಯ. ಗಾಳಿಯಿಲ್ಲದ, ಮೋಡವಿಲ್ಲದ ಸಂಜೆ ನೆಲ ಬೇಗ ತಣ್ಣಗಾಗುತ್ತದೆ. ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಆಗ ಮೇಲೆ ಹೋಗಬೇಕಾದ ಶಬ್ದ ಬಾಗಿ ನೆಲದ ಕಡೆಗೇ ಬರುತ್ತದೆ. ಮಧ್ಯಾಹ್ನ ಕೇಳಿಸದ ದನಿ ಆ ಹೊತ್ತಿನಲ್ಲಿ ದೂರದ ಮನೆಗಳಿಗೂ ಕೇಳಿಸುತ್ತದೆ. ಅಲ್ಲಿ ಮಲಗಿರುವ ಮಗು, ಕಾಯಿಲೆಯವರು ನಿನ್ನ ಟಿಕೆಟ್ ತೆಗೆದುಕೊಂಡಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸು.

ವಾದ್ಯದವರಿಗೂ ಸ್ವಲ್ಪ ಜಾಸ್ತಿ ಸಮಯ ಇಟ್ಟುಕೋ. ಒಮ್ಮೆ ವೇದಿಕೆಯ ತೀರಾ ಹತ್ತಿರ ಕೂತಿದ್ದೆ. ಪಿಟೀಲು ನುಡಿಸುವ ಹುಡುಗಿ ಸ್ವರದ ಹಾಳೆಗಳು ಹಾರದಂತೆ ನಾಲ್ಕು ಬಟ್ಟೆ ಕ್ಲಿಪ್ಪು ಸಿಕ್ಕಿಸಿದ್ದಳು. ಎರಡು ಹಸಿರು, ಎರಡು ಹಳದಿ. ಪುಟ ತಿರುಗಿಸುವಾಗೆಲ್ಲ ಒಂದನ್ನು ತೆಗೆದು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಪ್ರತಿ ಹಾಡು ಮುಗಿದ ಮೇಲೂ ಕಿವಿ ಹತ್ತಿರ ತಂದು ತಂತಿ ಸಡಿಲಿಸುತ್ತಿದ್ದಳು. ಪಕ್ಕದ ಕೊಳಲಿನವನ ಮುಖದಲ್ಲಿ ಇನ್ನೊಂದು ಚಿಂತೆ. ಆಮೇಲೆ ವಿಚಾರಿಸಿದೆ. ಚಳಿ ಹೆಚ್ಚಾದಂತೆ ಲೋಹದ ತಂತಿ ಕುಗ್ಗಿ ಬಿಗಿಯಾಗುತ್ತದೆ, ಅದರ ಶ್ರುತಿ ಏರುತ್ತದೆ. ತಣ್ಣನೆಯ ಗಾಳಿಯಲ್ಲಿ ಶಬ್ದ ನಿಧಾನವಾಗುವುದರಿಂದ ಕೊಳಲಿನ ಶ್ರುತಿ ಇಳಿಯುತ್ತದೆ. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಇಬ್ಬರೂ ಇಡೀ ಸಂಜೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಬೇಕು. ಅದನ್ನು ತಿಳಿದ ಮೇಲೆ ಶ್ರುತಿ ಮಾಡಿಕೊಳ್ಳುವವರನ್ನು ನೋಡಿದರೆ ನನಗೆ ಗೌರವ ಹೆಚ್ಚಾಗುತ್ತದೆ.

ಚಿಕ್ಕಪುಟ್ಟವು ಕೆಲವು. ಕಾಲುದಾರಿಗೆ, ಶೌಚಾಲಯಕ್ಕೆ ಮಂಡಿ ಎತ್ತರದ ದೀಪ ಸಾಕು. ಹಳದಿ ಬಲ್ಬು ಹಾಕಿಸು, ಹುಳ ಕಡಿಮೆ ಬರುತ್ತವೆ. ಮರಕ್ಕೆ ಮೊಳೆ ಬೇಡವೇ ಬೇಡ. ಮರದ ಬುಡಕ್ಕೆ ಲಾರಿ ತಂದು ನಿಲ್ಲಿಸಲು ಬಿಡಬೇಡ. ಮಣ್ಣು ಗಟ್ಟಿಯಾದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಮಳೆ ಬಂದರೆ ಏನು ಮಾಡುವುದು ಅಂತ ಮೊದಲೇ ಎಲ್ಲರಿಗೂ ತಿಳಿಸಿಬಿಡು.

ಯಾರನ್ನು ಹಾಡಿಸಲಿ ಅಂತ ಕೇಳಿದ್ದೆಯಲ್ಲ? ಮೈಕಿಲ್ಲದೆ ಹತ್ತು ನಿಮಿಷ ಹಾಡಬಲ್ಲವರು ಸಿಕ್ಕರೆ ಅವರಿಂದಲೇ ಶುರು ಮಾಡು. ಜನ ತಾವಾಗಿಯೇ ಹತ್ತಿರ ಸರಿದು ಕೂರುತ್ತಾರೆ.

ಮೊದಲ ಸಂಜೆಗೆ ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಹೋದ ಸಲದ್ದು ನೆನೆದು ಅವಳು ಬೇಡ ಅನ್ನುತ್ತಿದ್ದಾಳೆ. ಈ ಸಲ ಹಾಗಾಗಲ್ಲ ಅಂತ ನಿನ್ನ ಹೆಸರು ಹೇಳಿ ಒಪ್ಪಿಸಿದ್ದೇನೆ. ದಾರಿಯ ಅಂಚಿನಲ್ಲಿ ಅವಳಿಗೊಂದು ಕುರ್ಚಿ ಹಾಕಿಸಿರು, ಬೆನ್ನಿಗೆ ಆಸರೆ ಇರುವಂಥದ್ದು. ಬಿಳಿ ಹೂವಿನ ಪಾತಿ ಯಾವ ಕಡೆ ಇದೆಯೋ ಆ ಕಡೆಗೆ.

ನಿನ್ನ ಗೆಳೆಯ