ಬೋಂಗೋದ ಬೋರ್‌ವೆಲ್: ಗೆಳೆಯನಿಗೊಂದು ಪತ್ರ

ಪ್ರಿಯ ಪ್ರಭಾಕರ,

ಉತ್ತರ ಘಾನಾದ ಬೋಂಗೋ ಸೀಮೆಯ ಹಳ್ಳಿಗೆ ನಿಮ್ಮ ಚರ್ಚಿನ ಸಭೆಯವರು ಸೇರಿ ಒಂದು ಬೋರ್‌ವೆಲ್ ಹಾಕಿಸಿಕೊಡಲು ಹೊರಟಿರುವುದು ಒಳ್ಳೆಯದೇ. ಆದರೆ ನೀನು ಕಳಿಸಿದ ಲೆಕ್ಕದಲ್ಲಿ ಕೊರೆಯುವುದಕ್ಕೆ ಹಣವಿದೆ, ಪಂಪಿಗೆ ಹಣವಿದೆ, ಉದ್ಘಾಟನೆಗೂ ಇದೆ; ಮೂರನೇ ವರ್ಷ ಪಂಪು ಕೆಟ್ಟು ನಿಂತರೆ ಬಿಚ್ಚುವವರು ಯಾರು, ವಾಷರ್ ಎಲ್ಲಿಂದ ಬರಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲ. ದಾನಿಗಳ ಹೆಸರು ಹೊತ್ತು ಕೆಟ್ಟು ನಿಂತ ಪಂಪುಗಳಿಗೆ ಆಫ್ರಿಕದ ಹಳ್ಳಿಗಳಲ್ಲಿ ಬರವಿಲ್ಲ. ಅವುಗಳಲ್ಲಿ ಎಷ್ಟೋ ಪಂಪುಗಳ ಅಡಿಯಲ್ಲಿ ನೀರು ಇದ್ದೇ ಇರುತ್ತದೆ.

ಬಾಸೆಲ್ ಮಿಷನ್‌ನ ಹಳೆಯ ನಂಟಿನಿಂದ ಈ ಊರು ಸಿಕ್ಕಿತು ಎಂದು ಬರೆದಿದ್ದೀಯ. ನಂಟು ನಿಜ: ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್‌ನವರು ಅದಕ್ಕೂ ಮೊದಲೇ, 1828ರಲ್ಲಿ, ಘಾನಾದ ಕರಾವಳಿಗೆ ಇಳಿದಿದ್ದರು. ಆದರೆ ಅವರ ಕೆಲಸ ನಡೆದದ್ದು ದಕ್ಷಿಣದಲ್ಲಿ, ಆಕ್ರೊಪಾಂಗ್ ಬೆಟ್ಟಗಳ ಕಡೆ. ಉತ್ತರದ ಬಯಲಿಗೆ ಕ್ರೈಸ್ತ ಮಿಷನ್ ಬಂದದ್ದು ತಡವಾಗಿ. ಬೋಂಗೋಗೆ ಹತ್ತಿರದ ನವ್ರೋಂಗೋದಲ್ಲಿ 'ಬಿಳಿ ಪಾದ್ರಿಗಳು' ಎಂಬ ಕ್ಯಾಥೊಲಿಕ್ ಮಿಷನರಿ ಸಂಘದವರು ನೆಲೆಯೂರಿದ್ದು 1906ರಲ್ಲಿ. ಇವತ್ತಿಗೂ ಅಲ್ಲಿ ಒಂದೇ ಮನೆಯಲ್ಲಿ ಕ್ರೈಸ್ತರು, ಮುಸಲ್ಮಾನರು, ಹಿರಿಯರ ಪೂಜೆ ಬಿಡದವರು ಒಟ್ಟಿಗೇ ಇರುತ್ತಾರೆ. ನಮ್ಮದೇ ಮಿಷನ್ನಿನ ಊರು ಎಂದುಕೊಂಡು ಹೋದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೀರಿ.

ಮೊದಲ ಭೇಟಿ ಸಭಾಪಾಲಕರ ಮನೆಗಲ್ಲ, ಊರ ಮುಖ್ಯಸ್ಥನ ಮನೆಗೆ. ಬರಿಗೈಯಲ್ಲಿ ಹೋಗಬೇಡಿ, ಕೋಲಾ ಕಾಯಿ ಒಯ್ಯುವುದು ಅಲ್ಲಿನ ರೂಢಿ. ಅವನಲ್ಲದೆ ಭೂಮಿಯ ಪೂಜಾರಿ ತೆಂಡಾನಾ ಎಂಬವನೂ ಇದ್ದಾನೆ. ನೆಲ ಅಗೆಯಲು ಅವನ ಒಪ್ಪಿಗೆ ಬೇಕೇ ಬೇಕು. ದೇವರ ಕಾಡು, ಹಿರಿಯರ ಗುಡಿ ಎಲ್ಲೆಲ್ಲಿವೆ ಎಂದು ಅವನನ್ನು ಕೇಳಿಯೇ ಜಾಗ ನೋಡಬೇಕು. ಕೊರೆಯುವ ಮೊದಲು ಅವನು ಕೋಳಿ ಕೊಯ್ಯಬಹುದು. ನಿಮ್ಮವರಲ್ಲಿ ಕೆಲವರಿಗೆ ಇದು ಇರುಸುಮುರುಸಾದೀತು. ಅದರಲ್ಲಿ ನೀವು ಸೇರಬೇಕಿಲ್ಲ, ತಡೆಯಲೂ ಬೇಡಿ. ಈ ಒಪ್ಪಿಗೆ ಸಿಗದ ಬಾವಿಯ ನೀರನ್ನು ಅರ್ಧ ಊರು ಮುಟ್ಟುವುದಿಲ್ಲ.

ಜಾಗದ ಮಾತು ಬಂದಾಗ ಚರ್ಚಿನ ಆವರಣದಲ್ಲೇ ಹಾಕಿಸೋಣ ಎನ್ನುವವರು ಇರುತ್ತಾರೆ. ಬೇಡ. ಬೇಲಿಯೊಳಗಿನ ಪಂಪು ಯಾರದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಎಲ್ಲ ಮನೆಗಳಿಗೂ 500 ಮೀಟರ್ ಒಳಗೆ, ಪಾಯಿಖಾನೆ ಗುಂಡಿಗಳಿಂದ ಕನಿಷ್ಠ 30 ಮೀಟರ್ ಆಚೆ, ಅವುಗಳಿಗಿಂತ ಎತ್ತರದ ಸಾರ್ವಜನಿಕ ಜಾಗ ಆಗಬೇಕು. ಅದನ್ನು ಊರಿಗೆ ಬಿಟ್ಟುಕೊಟ್ಟ ಬಗ್ಗೆ ಒಂದು ಕಾಗದವೂ ಆಗಲಿ.

ಅಲ್ಲಿನ ನೆಲ ನಮ್ಮ ಕೋಲಾರ, ಪಾವಗಡದಂಥದ್ದೇ: ಕಲ್ಲಿನ ಬಿರುಕಿನಲ್ಲಿ ಮಾತ್ರ ನೀರು. ತೆಂಗಿನಕಾಯಿ ಹಿಡಿದು ಬಿಂದು ಗುರುತಿಸುವವರು ಇಲ್ಲಿದ್ದಂತೆ ಅಲ್ಲೂ ಬೇರೆ ರೀತಿಯವರು ಇದ್ದಾರೆ. ನೀವು ರೆಸಿಸ್ಟಿವಿಟಿ ಸರ್ವೆ (ನೆಲಕ್ಕೆ ವಿದ್ಯುತ್ ಹಾಯಿಸಿ ನೀರಿನ ಜಾಡು ಹುಡುಕುವ ಪರೀಕ್ಷೆ) ಮಾಡಿಸಿ, ಒಂದಲ್ಲ, ಎರಡು ಮೂರು ಬಿಂದು ಗುರುತಿಸಿಕೊಳ್ಳಿ. ನೀರು ಬರದ ತೂತಿಗೆ ಯಾರು ದುಡ್ಡು ಕೊಡಬೇಕು ಎಂಬುದು ಕರಾರಿನಲ್ಲಿ ಇರಲಿ. ಇಲ್ಲವಾದರೆ ರಿಗ್ಗಿನವನು ತೊಟ್ಟಿಕ್ಕುವ ಬಾವಿಯನ್ನೂ 'ಯಶಸ್ವಿ' ಎಂದು ಬರೆದು ಹೊರಡುತ್ತಾನೆ. ಕೊರೆಯುವಾಗ ಗುತ್ತಿಗೆದಾರನ ಕಡೆಯವನಲ್ಲದ ಮೇಲ್ವಿಚಾರಕನೊಬ್ಬ ನಿಂತಿರಬೇಕು. ಅವನು ಇಳಿಸಿದ ರಾಡುಗಳನ್ನು ಎಣಿಸಿ ಆಳ ಬರೆದುಕೊಳ್ಳಲಿ, ಪ್ರತಿ ಮೀಟರಿನ ಕಲ್ಲುಪುಡಿಯನ್ನು ಸಾಲಾಗಿ ನೆಲದ ಮೇಲೆ ಇಡಿಸಲಿ. ಗುತ್ತಿಗೆದಾರರು ಉಳಿತಾಯ ಮಾಡುವುದು ಕಣ್ಣಿಗೆ ಕಾಣದ ಕಡೆ: ತೆಳು ಕೇಸಿಂಗ್ ಪೈಪು, ಕೇಸಿಂಗ್ ಸುತ್ತ ತುಂಬಬೇಕಾದ 2ರಿಂದ 4 ಮಿಲಿಮೀಟರಿನ ದುಂಡು ಜಲ್ಲಿ, ಮೇಲಿನ ಕೆಲವು ಮೀಟರಿನ ಸಿಮೆಂಟು ಬಿಗಿತ. ಜಲ್ಲಿ ಕಡಿಮೆಯಾದರೆ ಹೊಯಿಗೆ ಒಳಗೆ ಬಂದು ಪಂಪಿನ ಸೀಲನ್ನು ತಿಂಗಳುಗಳಲ್ಲೇ ತಿಂದುಹಾಕುತ್ತದೆ. ಸಿಮೆಂಟು ಇಲ್ಲದಿದ್ದರೆ ಮಳೆಗಾಲದ ಕೊಳೆನೀರು ಪೈಪಿನ ಹೊರಮೈ ಹಿಡಿದು ನೇರ ಕೆಳಗಿಳಿಯುತ್ತದೆ.

ನೀರು ಎಷ್ಟು ಸಿಕ್ಕರೆ ಸಾಕು? ಘಾನಾದ ಲೆಕ್ಕ ಒಂದು ಕೈಪಂಪಿಗೆ 300 ಜನ, ತಲೆಗೆ ದಿನಕ್ಕೆ 20 ಲೀಟರ್. ಅಂದರೆ 6000 ಲೀಟರ್. ನಿಮಿಷಕ್ಕೆ 13 ಲೀಟರ್ ಕೊಡುವ ಬಾವಿಯಲ್ಲಿ ಇಷ್ಟು ಎತ್ತಲು ಸುಮಾರು ಎಂಟು ತಾಸು ಬಿಡದೆ ಒತ್ತಬೇಕು. ಅದಕ್ಕಿಂತ ಕಡಿಮೆಯಾದರೆ ಸರದಿಯಲ್ಲಿ ಜಗಳ ಖಂಡಿತ. ಎಷ್ಟು ನೀರು ಬರುತ್ತದೆ ಎಂಬ ಪರೀಕ್ಷೆಯನ್ನು ಮಾರ್ಚ್, ಏಪ್ರಿಲಿನಲ್ಲಿ ಮಾಡಿಸಿ. ಅಲ್ಲಿಗೆ ಮಳೆ ಮೇಯಿಂದ ಅಕ್ಟೋಬರಿನವರೆಗೆ ಒಂದೇ ಸಲ. ನವೆಂಬರಿನಲ್ಲಿ ತುಂಬಿ ಬಂದ ಬಾವಿ ಏಪ್ರಿಲಿನಲ್ಲಿ ಗಾಳಿ ಉಗುಳಬಹುದು.

ಇನ್ನು ನೀರಿನ ಗುಣ. ಬೋಂಗೋ ಎಂದ ಕೂಡಲೇ ಫ್ಲೋರೈಡ್ ನೆನಪಾಗಬೇಕು. ಅಲ್ಲಿನ ಗ್ರಾನೈಟಿನಿಂದಾಗಿ ಮಕ್ಕಳ ಹಲ್ಲು ಕಂದುಗಟ್ಟುವುದು ದಶಕಗಳಿಂದ ದಾಖಲಾದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಪಂಪು ಕೂರಿಸುವ ಮೊದಲೇ ಫಲಿತಾಂಶ ಕೈಗೆ ಬರಲಿ. ಮಿತಿ ಮೀರಿದ್ದರೆ ಆ ಬಾವಿಗೆ ಮುಚ್ಚಳ ಹಾಕಿ ಬೇರೆ ಬಿಂದುವಿಗೆ ಹೋಗಬೇಕು. ಫಿಲ್ಟರ್ ಕೊಟ್ಟುಬಿಡೋಣ ಎಂಬ ಯೋಚನೆ ಬೇಡ, ಅದರೊಳಗಿನ ಫ್ಲೋರೈಡ್ ಹೀರುವ ಅಲ್ಯೂಮಿನಾವನ್ನು ಆಗಾಗ ಆಮ್ಲ, ಕ್ಷಾರದಲ್ಲಿ ತೊಳೆದು ಚೇತರಿಸಬೇಕು, ಆ ಹಳ್ಳಿಯಲ್ಲಿ ಅದು ಎರಡನೇ ವರ್ಷಕ್ಕೆ ನಿಲ್ಲುತ್ತದೆ. ಪಿಎಚ್ (ನೀರಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಅನ್ನು ಮಾತ್ರ ಬಾವಿಯ ಬಳಿಯೇ, ನೀರು ಹೊರಬಂದ ಕೂಡಲೇ ಅಳೆಯಿರಿ. ಲ್ಯಾಬ್ ತಲುಪುವ ಹೊತ್ತಿಗೆ ನೀರಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಅಂಕಿ ಏರಿರುತ್ತದೆ, ಹುಳಿ ನೀರು ಕಾಗದದ ಮೇಲೆ ಒಳ್ಳೆಯ ನೀರಾಗಿಬಿಡುತ್ತದೆ.

ಪಿಎಚ್ ಯಾಕೆ ಮುಖ್ಯ ಎಂಬುದಕ್ಕೆ ನಮ್ಮ ಕಡೆಯ ಒಂದು ಕಥೆಯಿದೆ. ನಮ್ಮೂರುಗಳಲ್ಲಿ ಬೋರಿಂಗ್ ಎಂದು ಕರೆಯುವ ಆ ಕೈಪಂಪು, ಇಂಡಿಯಾ ಮಾರ್ಕ್ 2, ಹುಟ್ಟಿದ್ದಕ್ಕೆ ಮಿಷನ್ನಿನವರ ಕೈಯೂ ಕಾರಣ. ಮಹಾರಾಷ್ಟ್ರದ ಜಾಲ್ನಾ ಮತ್ತು ಸೋಲಾಪುರದ ಮಿಷನ್ ಕಾರ್ಯಾಗಾರಗಳು ಬಿರುಕು ಬಿಡುತ್ತಿದ್ದ ಬೀಡುಕಬ್ಬಿಣದ ಪಂಪಿಗೆ ಬದಲಾಗಿ ಉಕ್ಕಿನದನ್ನು ಕಟ್ಟಿದವು. ಯುನಿಸೆಫ್ ನೆರವಿನಿಂದ 1970ರ ದಶಕದಲ್ಲಿ ಆ ದಾರಿಯಲ್ಲೇ ಮಾರ್ಕ್ 2 ರೂಪುಗೊಂಡು ಆಫ್ರಿಕಕ್ಕೂ ಹೋಯಿತು. ಅಲ್ಲಿನ ಎಷ್ಟೋ ಕಡೆ ನೀರು ಹುಳಿ. ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಜಿಐ ಪೈಪಿನ ಸತುವಿನ ಲೇಪ ಕರಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ನೀರು ಕೆಂಪಾಗಿ ಅನ್ನ ಕಪ್ಪಾಗಿ ಹೆಂಗಸರು ಮತ್ತೆ ಹಳ್ಳದ ಕಡೆ ನಡೆಯುತ್ತಾರೆ. ಪೈಪಿನ ತುಕ್ಕೋ, ನೆಲದ ಕಬ್ಬಿಣವೋ ಎಂದು ತಿಳಿಯುವುದು ಸುಲಭ. ಬೆಳಗಿನ ಮೊದಲ ಕೊಡಗಳು ಮಾತ್ರ ಕೆಂಪಾಗಿ ಆಮೇಲೆ ತಿಳಿಯಾದರೆ ಪೈಪಿನದು. ಮಧ್ಯಾಹ್ನವೂ ಕೆಂಪಾಗಿಯೇ ಬಂದರೆ ನೆಲದ್ದು. ಈ ಕಾರಣಕ್ಕೇ ಘಾನಾದಲ್ಲಿ ಸ್ಟೇನ್‌ಲೆಸ್ ಪೈಪು, ರಾಡು ಹಾಕಿದ ಮಾರ್ಪಟ್ಟ ಮಾರ್ಕ್ 2 ಬಳಕೆಗೆ ಬಂತು. ಕೊಳ್ಳುವಾಗ ಜೇಬಿನಲ್ಲಿ ಅಯಸ್ಕಾಂತ ಇರಲಿ. ಪೈಪಿಗೆ ಗಟ್ಟಿಯಾಗಿ ಅಂಟಿಕೊಂಡರೆ ಅದು ನೀವು ದುಡ್ಡು ಕೊಟ್ಟ ಸ್ಟೇನ್‌ಲೆಸ್ ಅಲ್ಲ.

ಇನ್ನೊಂದು ಆಯ್ಕೆ ಆಫ್ರಿದೇವ್ ಎಂಬ ಕೈಪಂಪು. 45 ಮೀಟರ್ ಆಳದವರೆಗೆ ಸಾಕು. ಪೈಪು ಪಿವಿಸಿ, ತುಕ್ಕಿನ ಮಾತಿಲ್ಲ. ಪೈಪನ್ನು ಎತ್ತದೆಯೇ ಒಳಗಿನ ಪ್ಲಂಜರನ್ನೂ ತಳದ ವಾಲ್ವನ್ನೂ ಮೇಲೆಳೆಯಬಹುದು, ಒಂದು ಸ್ಪ್ಯಾನರ್, ಒಂದು ಕೊಕ್ಕೆ ಸಾಕು. ಊರಿನ ಇಬ್ಬರು ಹೆಂಗಸರು ಅರ್ಧ ದಿನದಲ್ಲಿ ಮಾಡುವ ಕೆಲಸ. ಮಾರ್ಕ್ 2ಗೆ ಪೈಪನ್ನೆಲ್ಲ ಎತ್ತಬೇಕು, ಅದಕ್ಕೆ ಭಾರ ಎತ್ತುವ ಸಲಕರಣೆ, ನಾಲ್ಕಾರು ಆಳು ಬೇಕು. ಆಫ್ರಿದೇವ್ ಕೆಡುವುದು ಪೈಪುಗಳನ್ನು ಒಂದಕ್ಕೊಂದು ಅಂಟಿಸುವಾಗ. ಹರ್ಮಾಟಾನ್ ಎಂಬ ಒಣ ಧೂಳುಗಾಳಿಯ ದಿನಗಳಲ್ಲಿ ಪೈಪಿನ ಬಾಯಿಗೆ ಧೂಳು ಕೂತಿರುತ್ತದೆ, ಸಲ್ಯೂಷನ್ ಹಚ್ಚಿ ಸೇರಿಸುವಷ್ಟರಲ್ಲೇ ಒಣಗುತ್ತದೆ, ಜಾಯಿಂಟು ಕೆಲವು ತಿಂಗಳಲ್ಲಿ ಬಿಟ್ಟುಕೊಳ್ಳುತ್ತದೆ. ನೆರಳಿನಲ್ಲಿ ಒರೆಸಿ ಅಂಟಿಸಿ, ರಾತ್ರಿಯಿಡೀ ಬಿಟ್ಟು ಆಮೇಲೆ ಪಂಪು ಒತ್ತಬೇಕು. ಇಷ್ಟಾದರೂ ನನ್ನ ಸಲಹೆ: ಎರಡರಲ್ಲಿ ಯಾವುದರ ಬಿಡಿಭಾಗ ಬೊಲ್ಗಟಾಂಗಾ ಪೇಟೆಯಲ್ಲಿ ಸಿಗುತ್ತದೋ, ಯಾವುದನ್ನು ಆ ಭಾಗದ ಮೆಕ್ಯಾನಿಕ್ ಬಿಚ್ಚಿ ಬಲ್ಲನೋ ಅದನ್ನೇ ಹಾಕಿ. ಅಗ್ಗ ಎಂದು ಕೊಯಮತ್ತೂರಿನಿಂದ ಹಡಗಿನಲ್ಲಿ ಕಳಿಸಬೇಡಿ.

ಪಂಪಿನ ಕಟ್ಟೆಗೆ 1:2:4 ಕಾಂಕ್ರೀಟು, ಏಳು ದಿನ ಒದ್ದೆ ಗೋಣಿ, ಆಡುಗಳು ಹತ್ತದಂತೆ ಸುತ್ತ ಮುಳ್ಳು. ಪಂಪಿನ ಕಂಬ ತೂಗುಗುಂಡಿಗೆ ಸರಿಯಾಗಿ ನೆಟ್ಟಗೆ ನಿಲ್ಲದಿದ್ದರೆ ರಾಡು ಪೈಪಿಗೆ ಉಜ್ಜಿ ತೂತು ಮಾಡುತ್ತದೆ. ಹರಿದ ನೀರು ಇಂಗುಗುಂಡಿಗೋ ದನಗಳ ಬಾನಿಗೋ ಹೋಗಲಿ. ಮೊದಲ ಬಳಕೆಗೆ ಮುಂಚೆ ಕ್ಲೋರಿನ್: 5 ಇಂಚಿನ ಕೇಸಿಂಗಿನಲ್ಲಿ 30 ಮೀಟರ್ ನೀರು ನಿಂತಿದ್ದರೆ ಸುಮಾರು 370 ಲೀಟರ್ ಆಯಿತು, ಲೀಟರಿಗೆ 50 ಮಿಲಿಗ್ರಾಂ ಬರಲು ಶೇಕಡ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ 28 ಗ್ರಾಂ ಬೇಕು. ಜಲ್ಲಿಯೊಳಗಿನ ನೀರನ್ನೂ ಸೇರಿಸಿ 60 ಗ್ರಾಂ ಬಕೆಟಿನಲ್ಲಿ ಕರಗಿಸಿ ಸುರಿದು, 12 ತಾಸು ಬಿಟ್ಟು, ವಾಸನೆ ಹೋಗುವವರೆಗೆ ಎತ್ತಿ ಚೆಲ್ಲಿಸಿ. ಅದೇ ದಿನ 40 ಸಲ ಒತ್ತಿದರೆ ಎಷ್ಟು ಲೀಟರ್ ಬರುತ್ತದೆ ಎಂದು ಅಳೆದು, ಪಂಪು ನೋಡಿಕೊಳ್ಳುವ ಊರ ಸಮಿತಿಯ ಪುಸ್ತಕದಲ್ಲಿ ಬರೆಸಿ. ಮುಂದೆ ಆ ಅಂಕಿ ಇಳಿದರೆ ಸೀಲು ಸವೆದಿದೆ. ಅರ್ಧ ತಾಸು ಸುಮ್ಮನಿದ್ದ ಪಂಪಿಗೆ ಐದಾರು ಸಲಕ್ಕಿಂತ ಹೆಚ್ಚು ಒತ್ತಿದ ಮೇಲೇ ನೀರು ಬಂದರೆ ತಳದ ವಾಲ್ವ್ ಸೋರುತ್ತಿದೆ.

ಆಫ್ರಿದೇವ್‌ಗೆ ವರ್ಷಕ್ಕೊಮ್ಮೆ ಯು-ಸೀಲ್, ರಬ್ಬರ್ ಬಾಬಿನ್‌ಗಳು, ಓ-ರಿಂಗ್, ಹಿಡಿಯ ಪ್ಲಾಸ್ಟಿಕ್ ಬುಷ್‌ಗಳು, ಇಷ್ಟನ್ನು ಕೆಡುವ ಮೊದಲೇ ಬದಲಿಸಬೇಕು. ಈ ದುಡ್ಡು ಊರಿನಿಂದಲೇ ಬರಲಿ. ಸುಗ್ಗಿ ಮುಗಿದ ನವೆಂಬರ್, ಡಿಸೆಂಬರಿನಲ್ಲಿ ಮನೆಮನೆಯಿಂದ ಎತ್ತುವುದು ಸುಲಭ. ಮೇ, ಜೂನಿನಲ್ಲಿ ಕಣಜ ಖಾಲಿ, ಆಗ ಕೇಳಿದರೆ ಕಾಳೂ ಇಲ್ಲ, ಕಾಸೂ ಇಲ್ಲ. ಸಮಿತಿಯ ಹಣ ಹೆಂಗಸರ ಕೈಯಲ್ಲಿರಲಿ. ನೀರು ಹೊರುವವರು ಅವರು, ಪಂಪು ನಿಂತರೆ ಕಾಲು ನೋಯುವುದು ಅವರದ್ದೇ. ಬ್ಯಾಂಕಿನಲ್ಲಿ ಮೂವರ ಸಹಿಯ ಖಾತೆ. ಸಭಾಪಾಲಕರು ಸಮಿತಿಯಲ್ಲಿ ಒಬ್ಬರಾಗಿರಲಿ, ಅಧ್ಯಕ್ಷರಾಗುವುದು ಬೇಡ.

ಸುವಾರ್ತೆಯ ವಿಷಯ ಕೇಳಿದ್ದೀಯ. ಪಂಪಿನ ಬಳಿ ಪ್ರಸಂಗ, ಆರಾಧನೆಗೆ ಬಂದವರಿಗೆ ಮೊದಲ ಸರದಿ, ಇವೆರಡನ್ನೂ ಮಾಡಬಾರದು. ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿದ ನೀತಿಸಂಹಿತೆಯಲ್ಲೂ ನೆರವನ್ನು ಧರ್ಮಪ್ರಚಾರಕ್ಕೆ ಸಾಧನ ಮಾಡಬಾರದೆಂದಿದೆ, ಚರ್ಚಿನ ಸಂಸ್ಥೆಗಳೂ ಅದಕ್ಕೆ ಸಹಿ ಹಾಕಿವೆ. ಸಭೆಯ ಭಾನುವಾರದ ಆರಾಧನೆ ಇದ್ದೇ ಇದೆ, ಯಾರಿಗೂ ಮುಚ್ಚಿಲ್ಲ. ನೀರಿಗಾಗಿ ದೀಕ್ಷಾಸ್ನಾನ ಪಡೆದವನನ್ನು ಸಭಾಪಾಲಕರೂ ನಂಬುವುದಿಲ್ಲ.

ಉಳಿದದ್ದು ಚಿಕ್ಕದು. ಹಳೆಯ ಬಟ್ಟೆ ಕಳಿಸಬೇಡಿ. ಅಕ್ರಾದ ಕಂಟಮಾಂಟೊ ಸಂತೆಯೇ ಅದರಿಂದ ತುಂಬಿಹೋಗಿದೆ, ತೇಮಾ ಬಂದರಿನ ಸುಂಕ ಬಟ್ಟೆಯ ಬೆಲೆಗಿಂತ ಹೆಚ್ಚಾದೀತು. ಮನೆಯಲ್ಲಿ ಉಳಿದ ಔಷಧಿಯೂ ಬೇಡ, ದಾನದ ಔಷಧಿ ತಲುಪುವಾಗ ಅವಧಿ ಇನ್ನೂ ಒಂದು ವರ್ಷವಾದರೂ ಬಾಕಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಯಿಲೆಯವರಿಗೆ ಏನಾದರೂ ಮಾಡಲೇಬೇಕೆಂದಿದ್ದರೆ, ಬಡವರ ರಾಷ್ಟ್ರೀಯ ಆರೋಗ್ಯ ವಿಮೆಯ ಕಾರ್ಡನ್ನು ಪ್ರತಿ ವರ್ಷ ನವೀಕರಿಸಿಕೊಡಿ. ಆ ಕಾರ್ಡು ಅಲ್ಲಿನ ಮಿಷನ್ ಆಸ್ಪತ್ರೆಗಳಲ್ಲೂ ನಡೆಯುತ್ತದೆ.

ಗುತ್ತಿಗೆದಾರನಿಗೆ ಪೂರ್ತಿ ಹಣ ಕೊಟ್ಟುಬಿಡಬೇಡ. ಹತ್ತರಲ್ಲಿ ಒಂದು ಪಾಲನ್ನು ಮುಂದಿನ ಏಪ್ರಿಲಿನ ಪರೀಕ್ಷೆಯವರೆಗೆ ತಡೆದಿಡು. ಉದ್ಘಾಟನೆಗೆ ಇಟ್ಟ ಮೊತ್ತದಲ್ಲಿ ಎರಡು ವರ್ಷದ ಸೀಲು, ಬುಷ್ ಬರುತ್ತವೆ, ಇಬ್ಬರಿಗೆ ತರಬೇತಿಯೂ ಆಗುತ್ತದೆ. ಆ ಹಳ್ಳಿಯ ಸುತ್ತ ಈಗಾಗಲೇ ಇರುವ ಪಂಪುಗಳೆಷ್ಟು, ಯಾವ ಜಾತಿಯವು, ನಿಂತಿರುವವು ಯಾಕೆ ನಿಂತಿವೆ ಎಂದು ಅಲ್ಲಿನ ಜಿಲ್ಲಾ ನೀರಿನ ಕಚೇರಿಗೆ ಬರೆದು ಕೇಳು. ಅದರಲ್ಲಿ ಒಂದೆರಡು ಬರೀ ಪೈಪು ಬದಲಿಸಿದರೆ ಓಡುವಂತಿದ್ದರೆ ಹೊಸದಾಗಿ ಕೊರೆಸುವುದೇ ಬೇಡ.

ನಿನ್ನ,
ಸುಧಾಕರ