ಅಮೆರಿಕದ ಪಾಠ ಜೀನ್ಸ್ ಪ್ಯಾಂಟಿನಿಂದ ಶುರುವಾಗಲಿ

ಮಾನ್ಯರೇ,

ಪೀಣ್ಯದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಸಮಾಜ ಪಾಠ ಮಾಡುತ್ತಿದ್ದೇನೆ. ನಮ್ಮ ಮಕ್ಕಳಿಗೆ ಅಮೆರಿಕ ಅಂದರೆ 1776, ಜಾರ್ಜ್ ವಾಷಿಂಗ್ಟನ್, ಅದು ಬಿಟ್ಟರೆ ವೀಸಾ. ಆ ದೇಶವನ್ನು ಕಟ್ಟಿದ ಜನ ಯಾರು, ಎಲ್ಲಿಂದ ಬಂದರು ಅಂತ ಯಾರೂ ಹೇಳುವುದಿಲ್ಲ.

ಹೋದ ತಿಂಗಳು ಒಂಬತ್ತನೇ ಕ್ಲಾಸಿಗೆ ಒಂದು ಹಳೇ ಜೀನ್ಸ್ ಪ್ಯಾಂಟ್ ತೆಗೆದುಕೊಂಡು ಹೋದೆ. 'ಇದು ಯಾವ ದೇಶದ್ದು?' ಅಂದೆ. 'ಅಮೆರಿಕ ಮಿಸ್' ಅಂತ ಎಲ್ಲರೂ ಕೂಗಿದರು. ಜೇಬಿನ ಮೂಲೆಯ ತಾಮ್ರದ ರಿವೆಟ್ ತೋರಿಸಿದೆ. ಕೂಲಿಯವರ ಜೇಬು ಪದೇ ಪದೇ ಹರಿಯುತ್ತದೆ ಅಂತ ಅದನ್ನು ಹೊಡೆದವರು ಜೇಕಬ್ ಡೇವಿಸ್, ಯುರೋಪಿನ ರಿಗಾ ಊರಿನಿಂದ ಹೋದ ಯಹೂದಿ ಟೈಲರ್. ಅವರಿಗೆ ಬಟ್ಟೆ ಕೊಡುತ್ತಿದ್ದ ಲೆವಿ ಸ್ಟ್ರಾಸ್ ಜರ್ಮನಿಯ ಬವೇರಿಯಾದವರು. ಇಬ್ಬರೂ ಸೇರಿ 1873ರಲ್ಲಿ ಪೇಟೆಂಟ್ ಪಡೆದರು. ಇನ್ನು ನೀಲಿ ಬಣ್ಣ. ಅದಕ್ಕೂ ನೂರು ವರ್ಷ ಮೊದಲೇ ಸೌತ್ ಕ್ಯಾರೊಲೈನಾದಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಆ ಬಣ್ಣ ಕೊಡುವ ನೀಲಿ ಗಿಡ ಬೆಳೆಯುತ್ತಿದ್ದರು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. 'ಮಿಸ್, ನಮ್ಮಮ್ಮ ಗಾರ್ಮೆಂಟ್ಸಲ್ಲಿ ಇದಕ್ಕೇ ಜೇಬು ಹೊಲಿಯೋದು.' ಮುಂದೆ ಬಂದು ಪ್ಯಾಂಟನ್ನು ಒಳಮಗ್ಗುಲಿಗೆ ತಿರುಗಿಸಿ, ಯಾವ ಜಾಗದಲ್ಲಿ ಎರಡು ಹೊಲಿಗೆ ಬೀಳಬೇಕು ಅಂತ ಬೆರಳಿಟ್ಟು ತೋರಿಸಿದಳು. ಇಡೀ ಕ್ಲಾಸು ಮೇಜಿನ ಸುತ್ತ ಸೇರಿತು.

ಆದರೆ ಇಷ್ಟನ್ನೇ ಹೇಳಿ ಬಿಟ್ಟರೆ ಸುಳ್ಳು ಹೇಳಿದಂತೆ. ಸಿಯೆರಾ ನೆವಾಡಾ ಬೆಟ್ಟ ಕೊರೆದು ರೈಲು ಹಳಿ ಹಾಕಿದ ಸಾವಿರಾರು ಕೂಲಿಗಳು ಚೀನಾದವರು. 1869ರಲ್ಲಿ ಹಳಿ ಮುಗಿಯಿತು. 1882ರಲ್ಲಿ ಚೀನೀ ಕೂಲಿಗಳು ದೇಶಕ್ಕೇ ಬರಬಾರದು ಅಂತ ಕಾನೂನು ಬಂತು. ಭಗತ್ ಸಿಂಗ್ ಥಿಂದ್ ಅನ್ನುವ ಪಂಜಾಬಿ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದರು. ಆದರೂ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ನೀವು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. ನಮ್ಮ ಕ್ಲಾಸಿನಲ್ಲಿ ಬಿಹಾರದ ಹುಡುಗನೊಬ್ಬನಿದ್ದಾನೆ. ಅವನ ಅಪ್ಪ ಮೆಟ್ರೊ ಕೆಲಸಕ್ಕೆ ಬಂದವರು. ಮಾತೇ ಆಡದ ಹುಡುಗ ಅವತ್ತು ಕೇಳಿದ: 'ಸೈನ್ಯದಲ್ಲಿದ್ದರೂ ಹೊರಗಿನವರು ಅಂದ್ರಾ, ಮಿಸ್?' ಹೌದಪ್ಪ ಅಂದೆ. ಅವನನ್ನು 'ಹಿಂದಿ' ಅಂತ ಕರೆಯುವ ಮಕ್ಕಳೂ ಅಲ್ಲೇ ಕೂತು ಕೇಳಿಸಿಕೊಂಡರು.

1946ರಲ್ಲಿ ಭಾರತೀಯರಿಗೆ ಬಾಗಿಲು ತೆರೆದರೂ ವರ್ಷಕ್ಕೆ ಸುಮಾರು 100 ಜನರಿಗೆ ಮಾತ್ರ. ಕಪ್ಪು ಜನರು ವರ್ಷಗಟ್ಟಲೆ ಹೋರಾಡಿ 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು ತಂದರು. ಅದೇ ಗಾಳಿಯಲ್ಲಿ 1965ರಲ್ಲಿ ವಲಸೆ ಕಾನೂನೂ ಬದಲಾಗಿ, ನಮ್ಮವರಿಗೆ ಆ ಬಾಗಿಲು ಅಗಲವಾಯಿತು. ಇವತ್ತು ನಮ್ಮ ಮನೆಗಳ ಹುಡುಗರು ಅಲ್ಲಿ ಕೆಲಸ ಮಾಡುತ್ತಿದ್ದರೆ, ಆ ಜನರ ಋಣ ಅವರ ಮೇಲಿದೆ ಅಲ್ವಾ? ಹೊರಡುವ ಮುಂಚೆ ಇದು ಗೊತ್ತಿರಬೇಕು.

'ಪರೀಕ್ಷೆಗೆ ಬರಲ್ಲ, ಸುಮ್ನೆ ಪೋರ್ಷನ್ ಮುಗಿಸಿ' ಅನ್ನುವ ಮಾತನ್ನು ನಾನೂ ಕೇಳಿದ್ದೇನೆ. ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ಚಿಕ್ಕದು. ಒಂಬತ್ತನೇ ತರಗತಿಗೆ ವರ್ಷಕ್ಕೆ ನಾಲ್ಕು ಪೀರಿಯಡ್ ಇದಕ್ಕಾಗಿ ಬಿಟ್ಟುಕೊಡಿ. ಅದರಿಂದ ಪ್ರಶ್ನೆಪತ್ರಿಕೆಗೆ ಒಂದು ಪ್ರಶ್ನೆಯೂ ಬೇಡ.

– ಸಮಾಜ ವಿಜ್ಞಾನ ಶಿಕ್ಷಕಿ, ಪೀಣ್ಯ, ಬೆಂಗಳೂರು